ಓಣಿಯ ಹಂಪ್‌ಗೆ ಬಿದ್ದು ಕಾಕಾ ಎಲುಬು ಮುರಿಯಿತು. ರಸ್ತೆ ಸುರಕ್ಷತೆ ನೋಡಬೇಕಾದವರು ಯಾರು, ಕಾರ್ಪೊರೇಟರ್ ಹೌದೋ ಅಲ್ವೋ?

ಅಕ್ಷಯ್ ಪಾರ್ಕಿನವ
ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿ ಗೋಕುಲ ರಸ್ತೆ ಕಡೆಯವನು. ನಾಲ್ಕು ದಿನದಿಂದ ಒಂದು ವಿಷಯ ತಲೆ ತಿನ್ನುತ್ತಿದೆ.

ಎರಡು ವರ್ಷದ ಹಿಂದೆ ನಮ್ಮ ಓಣಿಯ ನಲವತ್ತು ಮಂದಿ ಸಹಿ ಹಾಕಿ ಕಾರ್ಪೊರೇಟರ್ ಮನೆಗೆ ಹೋಗಿದ್ದೆವು. ಶಾಲೆ ಮುಂದೆ ಹುಡುಗರು ಬೈಕ್ ಹಾರಿಸಿಕೊಂಡು ಹೋಗ್ತಾರೆ, ಮಕ್ಕಳು ದಾಟೋದೇ ಕಷ್ಟ, ಹಂಪ್ ಹಾಕಿಸಿ ಅಂತ. ಮೂರನೇ ದಿನಕ್ಕೆ ಹಂಪ್ ಬಂತು. ಎಲ್ಲೋ ರಸ್ತೆ ಕೆಲಸ ಮಾಡಿ ಉಳಿದ ಡಾಂಬರು ತಂದು ಸುರಿದು, ಮೇಲೆ ರೋಲರ್ ಕೂಡ ಓಡಿಸದೆ ಸಲಿಕೆಯಲ್ಲೇ ತಟ್ಟಿ ಹೋದರು. ನಮಗೋ ಖುಷಿ. ಓಣಿಗೆಲ್ಲ ಪೇಢೆ ಹಂಚಿದೆವು.

ಕಳೆದ ಗುರುವಾರ ರಾತ್ರಿ ಮಳೆ. ಬೀದಿ ದೀಪ ಹತ್ತಿರಲಿಲ್ಲ. ನಮ್ಮ ಕಾಕಾ ಸ್ಕೂಟರ್ ಮೇಲೆ ಬಂದವರು ಅದೇ ಹಂಪ್‌ಗೆ ಹಾರಿ ಬಿದ್ದರು. ಬಲಗಡೆ ಕಾಲರ್ ಬೋನ್ ಮುರಿದಿದೆ. ಆ ಅರ್ಜಿಯಲ್ಲಿ ಮೊದಲ ಸಹಿ ಅವರದೇ.

ಕಾರ್ಪೊರೇಟರ್ ಹತ್ತಿರ ಹೋದರೆ, "ನೀವೇ ಕೇಳಿದ್ರಲ್ರೀ, ಹಾಕ್ಸಿಕೊಟ್ಟೆ" ಅಂದರು. ವಲಯ ಕಚೇರಿಗೆ ಹೋದರೆ, "ಆ ಹಂಪ್ ನಮ್ಮ ಲೆಕ್ಕದಾಗ ಇಲ್ರೀ" ಅಂದರು. ಹಾಗಾದರೆ ಅದು ರಾತ್ರೋರಾತ್ರಿ ನೆಲದಿಂದ ಎದ್ದು ಬಂತಾ?

ಕೇಳಬೇಕಾದದ್ದು ಇಷ್ಟೇ. ರಸ್ತೆ ಸುರಕ್ಷತೆ ಮೇಲೆ ಕಣ್ಣಿಡೋದು ಕಾರ್ಪೊರೇಟರ್ ಕೆಲಸವಾ? ಅಲ್ಲದಿದ್ದರೆ ಯಾರದು?

ಉಣಕಲ್ ಮಂದಿ
ಕಾಕಾ ಈಗ ಹೇಗಿದ್ದಾರೆ?

ಅಕ್ಷಯ್ ಪಾರ್ಕಿನವ
ಮನೆಯಲ್ಲಿದ್ದಾರೆ. ಕೈ ಜೋಲಿಯಲ್ಲಿದೆ. ಸಿಟ್ಟು ಮಾತ್ರ ಕಡಿಮೆ ಆಗಿಲ್ಲ.

ದುರ್ಗದ ಬೈಲ್ ದೋಸೆ
ಕಾರ್ಪೊರೇಟರ್ ಹೇಳಿದ್ದರಲ್ಲಿ ತಪ್ಪೇನಿದೆ? ಕೇಳಿದ್ದು ನೀವು. ಹಾಕಿಸಿದ್ದು ಅವರು. ಪೇಢೆ ತಿಂದದ್ದೂ ನೀವೇ.

ನಿವೃತ್ತ ಜೆಇ
ನಾನು ಜೂನಿಯರ್ ಇಂಜಿನಿಯರ್ ಆಗಿದ್ದವನು, ಮೂವತ್ತು ವರ್ಷ ರಸ್ತೆ ಕೆಲಸದಲ್ಲೇ ಸವೆದವನು, ಒಂದೆರಡು ಮಾತು ಹೇಳುತ್ತೇನೆ.

ಹಂಪ್‌ಗೆ ಅಳತೆ ಇದೆ ತಮ್ಮಾ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ಒಂದು ಸಂಸ್ಥೆ ಇದೆ, ಅದರ 99ನೇ ನಂಬರಿನ ಮಾರ್ಗಸೂಚಿ ಈ ಹಂಪ್‌ಗಳದ್ದು. 1988ರಲ್ಲೇ ಬಂದಿದೆ. ನಡುವೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಅಂದರೆ ಕಾರು ನಿಧಾನವಾಗಿ ಹತ್ತಿ ನಿಧಾನವಾಗಿ ಇಳಿಯಬೇಕು, ಗಾಲಿ ಗೋಡೆಗೆ ಹೊಡೆದಂತೆ ಆಗಬಾರದು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟಬೇಕು, ಅದೇ ಲೆಕ್ಕ. 40 ಮೀಟರ್ ಮೊದಲೇ ಬೋರ್ಡ್ ಇರಬೇಕು. ಹಂಪ್ ಮೇಲೆ ಪಟ್ಟೆ ಬಳಿದಿರಬೇಕು, ರಾತ್ರಿ ಕಾಣಬೇಕು. ನಿಮ್ಮ ಓಣಿಯಲ್ಲಿ ಇದರಲ್ಲಿ ಒಂದಾದರೂ ಇದೆಯಾ?

ಕಾರ್ಪೊರೇಟರ್ ಫೋನ್ ಮಾಡುತ್ತಾರೆ, "ಸಾಹೇಬ್ರ, ಅಲ್ಲೊಂದು ಹಂಪ್ ಹಾಕ್ಸಿಬಿಡ್ರಿ." ಎಸ್ಟಿಮೇಟ್ ಇಲ್ಲ, ಎಂ.ಬಿ. (ಕೆಲಸದ ಅಳತೆ ಪುಸ್ತಕ) ಬರೆಯೋದಿಲ್ಲ. ಬೇರೆ ಕಡೆ ಉಳಿದ ಮಾಲು, ಗುತ್ತಿಗೆದಾರ ಪುಕ್ಕಟೆ ಹಾಕಿಕೊಡುತ್ತಾನೆ. ಆಮೇಲೆ ಯಾರ ಲೆಕ್ಕದಲ್ಲೂ ಇಲ್ಲ ಅಂದರೆ ಆಶ್ಚರ್ಯ ಏನು? ನಿಜವಾಗಿಯೂ ಯಾರ ಲೆಕ್ಕದಲ್ಲೂ ಇರೋದಿಲ್ಲ.

ನಾನೂ ಹಾಗೆ ಹಾಕಿಸಿದ್ದೇನೆ. ಒಂದಲ್ಲ, ಬಹಳ. ಸುಳ್ಳು ಯಾಕೆ ಹೇಳಲಿ.

ದುರ್ಗದ ಬೈಲ್ ದೋಸೆ
ಸಾಹೇಬ್ರು ಈಗ ಹೇಳ್ತಾರೆ. ಪಿಂಚಣಿ ಶುರು ಆದ ಮೇಲೆ ಎಲ್ಲರಿಗೂ ಧೈರ್ಯ ಬರುತ್ತೆ.

ನಿವೃತ್ತ ಜೆಇ
ಬರಲಿ ಬಿಡಿ. ಬರದೇ ಇರೋದಕ್ಕಿಂತ ವಾಸಿ.

ವಿದ್ಯಾನಗರ ಲಾ ಕಾಲೇಜು
ಕೇಸ್ ಹಾಕಿ! ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಯ್ತಲ್ಲ, ಅದರಲ್ಲಿ 198ಎ ಅಂತ ಹೊಸ ಸೆಕ್ಷನ್ ಬಂದಿದೆ. ರಸ್ತೆ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತೆಯ ಮಾನದಂಡ ಪಾಲಿಸದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ 1 ಲಕ್ಷ ರೂಪಾಯಿವರೆಗೆ ದಂಡ. ಕಾರ್ಪೊರೇಟರ್ ಮೇಲೆ ಹಾಕಬಹುದು.

ಕೋರ್ಟ್ ಸರ್ಕಲ್
ತಮ್ಮಾ, ಸೆಕ್ಷನ್ ಪೂರ್ತಿ ಓದು. ಅದರಲ್ಲಿ ಇರೋದು ರಸ್ತೆಯ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರ, ರಸ್ತೆಯ ಗುತ್ತಿಗೆ ಪಡೆದ ಕಂಪನಿ. ಚುನಾಯಿತ ಸದಸ್ಯ ಅಂತ ಎಲ್ಲೂ ಇಲ್ಲ. ಆ ದಂಡದ ಹಣ ಗಾಯಾಳು ಕೈಗೂ ನೇರವಾಗಿ ಬರಲ್ಲ, ಅಪಘಾತ ನಿಧಿಗೆ ಹೋಗುತ್ತೆ. ಪರಿಹಾರ ಬೇಕಂದರೆ ದಾರಿ ಬೇರೆ.

ವಿದ್ಯಾನಗರ ಲಾ ಕಾಲೇಜು
ಸರಿ ಸರ್. ಪರೀಕ್ಷೆ ಇನ್ನೂ ಎರಡು ತಿಂಗಳಿದೆ. 🙏

ಚಿಗರಿ ಪ್ರಯಾಣಿಕಳು
ನಾನು ನವನಗರದಿಂದ ದಿನಾ ಧಾರವಾಡಕ್ಕೆ ಚಿಗರಿ ಬಸ್ಸಲ್ಲಿ ಹೋಗ್ತೀನಿ, ಅದೇ ರಸ್ತೆ ನಡುವಿನ ಬೇರೆ ಪಥದಲ್ಲಿ ಓಡೋ ಬಿಆರ್‌ಟಿಎಸ್ ಬಸ್ಸು. ನನ್ನ ತಕರಾರು ಹಂಪ್‌ದಲ್ಲ, ದಾಟೋದು. ನಿಲ್ದಾಣ ರಸ್ತೆ ನಡುವೆ. ಹತ್ತಬೇಕಾದರೂ ದಾಟಬೇಕು, ಇಳಿದರೂ ದಾಟಬೇಕು. ಬಟನ್ ಒತ್ತಿದರೆ ಕೆಂಪು ದೀಪ ಬೀಳುವ ಸಿಗ್ನಲ್ ಇವೆ. ನಾನು ದಾಟುವ ಕಡೆ ಕೆಂಪು ಬಿದ್ದರೂ ಟಂಟಂ ನಿಲ್ಲಲ್ಲ, ಬೈಕ್ ಅಂತೂ ಕೇಳಲೇಬೇಡಿ. ನಿನ್ನೆ ಒಬ್ಬರು ಅಜ್ಜಿ, ಕೈಯಲ್ಲಿ ರೊಟ್ಟಿ ಗಂಟು, ನನ್ನ ಸೆರಗು ಹಿಡಕೊಂಡು, "ನೀ ಮುಂದ ನಡಿಯವ್ವಾ, ನಿನ್ನ ಹಿಂದ ನಾ" ಅಂದರು. ನನಗೇ ಕಾಲು ನಡುಗುತ್ತಿತ್ತು.

ಇದನ್ನ ಯಾರಿಗೆ ಹೇಳೋದು? ನಮ್ಮ ಕಾರ್ಪೊರೇಟರ್‌ಗೆ ಹೇಳಿದೆ. "ಅಕ್ಕಾರ, ಅದು ಬಿಆರ್‌ಟಿಎಸ್‌ನವರದು" ಅಂದರು.

ಟೋಲ್ ನಾಕಾ
ಅವರು ಹೇಳಿದ್ದು ನಿಜ ಅಕ್ಕಾರೆ. ನಮ್ಮ ಅವಳಿ ನಗರದ ರೋಗವೇ ಇದು. ಒಂದೇ ರಸ್ತೆಗೆ ಐದು ಮಂದಿ ಯಜಮಾನರು. ಬೈಪಾಸ್ ಹೆದ್ದಾರಿ ಪ್ರಾಧಿಕಾರದ್ದು. ಊರೊಳಗಿನ ರಾಷ್ಟ್ರೀಯ ಹೆದ್ದಾರಿ ತುಂಡು, ಫ್ಲೈಓವರ್ ಎಲ್ಲ ಲೋಕೋಪಯೋಗಿಯ ಹೆದ್ದಾರಿ ವಿಭಾಗದ್ದು. ನಡುವಿನ ಬಸ್ ಪಥ ಬಿಆರ್‌ಟಿಎಸ್ ಕಂಪನಿಯದ್ದು. ಕೆಲವು ರಸ್ತೆ ಸ್ಮಾರ್ಟ್ ಸಿಟಿಯಲ್ಲಿ ಆದವು. ಉಳಿದ ಓಣಿ, ಗಲ್ಲಿ, ಗಟಾರ ಪಾಲಿಕೆಯದ್ದು. ಇದರ ಮೇಲೆ ನೀರಿನ ಪೈಪಿನವರು ಬಂದು ಯಾವಾಗ ಬೇಕಾದರೂ ಅಗೀತಾರೆ. ಕಾರ್ಪೊರೇಟರ್ ಮಾತು ನಡೆಯೋದು ಓಣಿ ಮತ್ತು ಗಟಾರದಲ್ಲಿ ಮಾತ್ರ.

ಕೇಶ್ವಾಪುರ ಕೇಶವ
ಓಣಿಯಲ್ಲೂ ನಡೆಯಲ್ಲ. ಗಟಾರದಲ್ಲಿ ನಡೆಯುತ್ತೆ.

ಮಾಜಿ ಸದಸ್ಯರ ಜೊತೆಗಾರ
ಎಲ್ಲರೂ ಕಾರ್ಪೊರೇಟರ್ ಬೈಯೋದು ಸುಲಭ. ನಾನು ಒಬ್ಬ ಮಾಜಿ ಸದಸ್ಯರ ಜೊತೆ ಐದು ವರ್ಷ ಓಡಾಡಿದ್ದೇನೆ. ಬೆಳಗ್ಗೆ ಆರಕ್ಕೆ ಫೋನ್: ನೀರು ಬಂದಿಲ್ಲ. ಏಳಕ್ಕೆ: ನಾಯಿ ಕಚ್ಚಿತು. ಎಂಟಕ್ಕೆ: ಕಸದ ಗಾಡಿ ಬಂದಿಲ್ಲ. ಹತ್ತಕ್ಕೆ ಯಾರದೋ ಮದುವೆ. ಮಧ್ಯಾಹ್ನ ಯಾರದೋ ಮಣ್ಣು. ಈ ನಡುವೆ ಅವರು ಹಂಪ್‌ನ ಸೆಂಟಿಮೀಟರ್ ಅಳೀಬೇಕಾ?

ಮತ್ತೆ ಒಂದು ಮಾತು. ಐದು ವರ್ಷದಲ್ಲಿ ನಮ್ಮ ಸಾಹೇಬರ ಹತ್ತಿರ ಯಾರೂ "ಫುಟ್‌ಪಾತ್ ಸರಿ ಮಾಡಿಸಿ", "ಝೀಬ್ರಾ ಪಟ್ಟೆ ಬಳಿಸಿ" ಅಂತ ಬರಲಿಲ್ಲ. ಬಂದದ್ದೆಲ್ಲ ಎರಡೇ ಬೇಡಿಕೆ. ಹಂಪ್ ಹಾಕಿಸಿ, ಇಲ್ಲ ಪಕ್ಕದ ಮನೆಯವರು ಹಾಕಿಸಿದ ಹಂಪ್ ತೆಗೆಸಿ.

ನಿವೃತ್ತ ಜೆಇ
ಇದು ಮಾತ್ರ ನೂರಕ್ಕೆ ನೂರು ಸತ್ಯ.

ಕೆಲಗೇರಿ ದಂಡೆ
ಸೆಂಟಿಮೀಟರ್ ಅಳೀಬೇಡಿ ಸ್ವಾಮಿ. ಅಳೀಬೇಕಾದವರನ್ನ "ಅಳೆದೆಯಾ?" ಅಂತ ಕೇಳಿ. ಅಷ್ಟಕ್ಕೇ ಅಲ್ವಾ ನಾವು ಓಟು ಹಾಕೋದು?

ಪಾಲಿಕೆಯಲ್ಲಿ ನಾಲ್ಕು ಸ್ಥಾಯಿ ಸಮಿತಿ ಇವೆ. ತೆರಿಗೆ, ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರ. ರಸ್ತೆ ಸುರಕ್ಷತೆ ಅಂತ ಬೇರೆ ಸಮಿತಿ ಇಲ್ಲ. ಆದರೆ ನಗರ ಯೋಜನೆ ಸಮಿತಿಯಲ್ಲಿ ಕೇಳಬಹುದು, ಲೆಕ್ಕಪತ್ರ ಸಮಿತಿಯಲ್ಲಿ ಕೇಳಬಹುದು, ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಕೇಳಬಹುದು. ನಮ್ಮ ವಾರ್ಡಲ್ಲಿ ಯಾವ ರಸ್ತೆ ಯಾವಾಗ ಆಯ್ತು, ಡಿಎಲ್‌ಪಿ ಯಾವಾಗ ಮುಗಿಯುತ್ತೆ ಅಂತ ಪಟ್ಟಿ ಕೊಡಿ ಎಂದರೆ ಅಧಿಕಾರಿ ಕೊಡಲೇಬೇಕು. ಗುತ್ತಿಗೆದಾರ ಡಿಎಲ್‌ಪಿ ಇರೋವರೆಗೆ ಸ್ವಂತ ಖರ್ಚಲ್ಲಿ ತಗ್ಗು ಮುಚ್ಚಬೇಕು. ನಮ್ಮ ಕಡೆ ಏನಾಗುತ್ತೆ? ಡಿಎಲ್‌ಪಿ ಒಳಗೇ ಕೆಟ್ಟ ರಸ್ತೆಗೆ ಮತ್ತೆ ಹೊಸ ಟೆಂಡರ್. ಮತ್ತೆ ಭೂಮಿಪೂಜೆ. ಮತ್ತೆ ಅದೇ ಗುದ್ದಲಿ, ಅದೇ ತೆಂಗಿನಕಾಯಿ.

ಹಳೇ ಹುಬ್ಬಳ್ಳಿ ಹಮೀದ್
ಡಿಎಲ್‌ಪಿ ಅಂದರೆ?

ಕೆಲಗೇರಿ ದಂಡೆ
ಕೆಲಸ ಮುಗಿದ ಮೇಲೆ ಇಷ್ಟು ವರ್ಷದೊಳಗೆ ಕೆಟ್ಟರೆ ಗುತ್ತಿಗೆದಾರನೇ ರಿಪೇರಿ ಮಾಡಬೇಕು ಅನ್ನೋ ಅವಧಿ. ಮಿಕ್ಸರ್‌ಗೆ ವಾರಂಟಿ ಇರುತ್ತಲ್ಲ, ಹಾಗೆ.

ಹಳೇ ಹುಬ್ಬಳ್ಳಿ ಹಮೀದ್
ನಮ್ಮನೆ ಮಿಕ್ಸರ್ ವಾರಂಟಿ ಮುಗಿದ ಮರುದಿನವೇ ಕೆಡುತ್ತೆ. ರಸ್ತೆ ಅದಕ್ಕೂ ಮೊದಲೇ ಕೆಡುತ್ತೆ ಅಂದರೆ ಮಿಕ್ಸರೇ ವಾಸಿ ಆಯ್ತು.

ನವಲಗುಂದ ನಾಕಾ
ಎಲ್ಲದಕ್ಕೂ ಕಾರ್ಪೊರೇಟರ್, ಗುತ್ತಿಗೆದಾರ ಅನ್ನಬೇಡಿ. ನೆಲ ನೋಡಿ. ನಮ್ಮದು ಎರೆ ಭೂಮಿ. ಮಳೆ ಬಂದರೆ ಉಬ್ಬುತ್ತೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತೆ. ಮೇಲೆ ಎಷ್ಟೇ ಡಾಂಬರು ಹಾಕಿ, ಕೆಳಗೆ ನೆಲ ಹೀಗೆ ಉಸಿರಾಡುತ್ತಿದ್ದರೆ ರಸ್ತೆ ಅಂಚಿನಿಂದ ಒಡೆಯುತ್ತೆ.

ನಿವೃತ್ತ ಜೆಇ
ಮಾತು ಸರಿ, ಆದರೆ ಅದು ನೆಪ ಆಗಬಾರದು. ಎರೆ ಮಣ್ಣು ನಮ್ಮಜ್ಜನ ಕಾಲದಿಂದಲೂ ಇದೆ, ನಿನ್ನೆ ಬಂದದ್ದಲ್ಲ. ಎರೆ ತೆಗೆದು ಗರಸು ತುಂಬಬೇಕು, ಚೆನ್ನಾಗಿ ದಮ್ಮಸ್ಸು ಮಾಡಬೇಕು, ಮುಖ್ಯವಾಗಿ ಪಕ್ಕದಲ್ಲಿ ಗಟಾರ ಇರಬೇಕು. ನೀರು ನಿಂತರೆ ಮುಗೀತು. ಎಸ್ಟಿಮೇಟಲ್ಲಿ ಗರಸು ಇರುತ್ತೆ. ನೆಲದಲ್ಲಿ ಇದೆಯಾ ಅಂತ ನೋಡಬೇಕಾದರೆ ಡಾಂಬರು ಬೀಳೋ ಮೊದಲೇ ಹೋಗಿ ನಿಲ್ಲಬೇಕು. ಕಾರ್ಪೊರೇಟರ್ ಬರೋದು ಭೂಮಿಪೂಜೆಗೆ ಮತ್ತು ಉದ್ಘಾಟನೆಗೆ. ಗರಸು ಬೀಳೋದು ಆ ಎರಡರ ನಡುವೆ.

ಉಣಕಲ್ ಮಂದಿ
ಕೊನೇ ಸಾಲು ಪಾಲಿಕೆ ಗೋಡೆ ಮೇಲೆ ಬರೆಸಿ ಸರ್.

ಗಬ್ಬೂರ ಕ್ರಾಸ್
ನೀವೆಲ್ಲ ಓಣಿ ಹಂಪ್ ಅಂತೀರಿ. ಬೈಪಾಸ್ ಮರೆತಿರಾ? ಗಬ್ಬೂರಿನಿಂದ ನರೇಂದ್ರದವರೆಗೆ ಸುಮಾರು 30 ಕಿಲೋಮೀಟರ್. ಪುಣೆ–ಬೆಂಗಳೂರು ರಸ್ತೆ ಆ ಕಡೆಯೂ ಈ ಕಡೆಯೂ ಅಗಲ, ನಮ್ಮ ಊರ ಹತ್ತಿರ ಬಂದ ಕೂಡಲೇ ಎರಡು ಪಥ. ಎಷ್ಟು ವರ್ಷ ಹಾಗೇ ಇತ್ತು! ಎದುರಿನ ಲಾರಿ ಲೈಟ್ ಕಣ್ಣಿಗೆ ಹೊಡೆದರೆ ದೇವರೇ ಗತಿ. 2021 ಜನವರಿ 15, ಸಂಕ್ರಾಂತಿ ಮರುದಿನ. ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಗಾಡಿ ಇಟಿಗಟ್ಟಿ ಹತ್ತಿರ ಟಿಪ್ಪರ್‌ಗೆ ಡಿಕ್ಕಿ ಆಯ್ತು. ಆಮೇಲೆ ಅವರ ಮನೆಯವರು ಅದೇ ಜಾಗಕ್ಕೆ ಬಂದು ರಸ್ತೆ ಅಗಲ ಮಾಡಿ ಅಂತ ಕೇಳಬೇಕಾಯ್ತು. ಆರು ಪಥದ ಕೆಲಸ ಅದರ ನಂತರವೇ ವೇಗ ಹಿಡಿದದ್ದು. ನಮ್ಮ ಊರವರು ಅದಕ್ಕೂ ಮೊದಲು ಏನು ಮಾಡುತ್ತಿದ್ದೆವು?

ಟೋಲ್ ನಾಕಾ
ಟೋಲ್ ಕಟ್ಟುತ್ತಿದ್ದೆವು.

ಹಾವೇರಿ ಏಲಕ್ಕಿ
ನಮ್ಮ ಜಿಲ್ಲೆಯಲ್ಲಿ ಹೆದ್ದಾರಿ ಅಗಲವೇ ಇತ್ತು. ಆದರೂ 2024 ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಹತ್ತಿರ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಬಡಿದು 13 ಮಂದಿ ಹೋದರು. ದೇವರ ದರ್ಶನ ಮುಗಿಸಿ ಊರಿಗೆ ಹೊರಟವರು. ಹೆದ್ದಾರಿ ಬದಿಗೆ ಲಾರಿ ನಿಲ್ಲಿಸೋದು ನಮ್ಮ ಕಡೆ ಇವತ್ತಿಗೂ ಇದೆ, ಚಹಾದಂಗಡಿ ಕಂಡಲ್ಲೆಲ್ಲ ಬ್ರೇಕ್. ರಸ್ತೆ ಅಗಲ ಆದ ಮಾತ್ರಕ್ಕೆ ಮುಗಿಯಲ್ಲ ಅನ್ನೋದಕ್ಕೆ ಹೇಳಿದೆ.

ಹೆದ್ದಾರಿಯಲ್ಲಿ ಕೆಟ್ಟು ನಿಂತ ಗಾಡಿ ಕಂಡರೆ 1033ಕ್ಕೆ ಫೋನ್ ಮಾಡಿ. ನಾನು ಎರಡು ಸಲ ಮಾಡಿದ್ದೇನೆ. ಒಮ್ಮೆ ಬಂದರು.

ಬೆಟಗೇರಿ ನೇಕಾರ
ಗದಗ-ಬೆಟಗೇರಿಯಲ್ಲಿ 35 ವಾರ್ಡು. ನಮ್ಮಲ್ಲಿ ಸದಸ್ಯರಿಗೆ ರಸ್ತೆ ಅಂದರೆ ಮುಳಗುಂದ ನಾಕಾದಿಂದ ಅವರ ಮನೆಯವರೆಗೆ. ಅಷ್ಟೇ ಹೇಳಿ ಹೋಗ್ತೀನಿ.

ಕೋರ್ಟ್ ಸರ್ಕಲ್
ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಅಂತ ಇದೆ, ಯಾರೂ ಹೇಳಲಿಲ್ಲವಲ್ಲ. ಜಿಲ್ಲಾಧಿಕಾರಿ ಅಧ್ಯಕ್ಷರು. ಪೊಲೀಸ್, ಆರ್‌ಟಿಒ, ಲೋಕೋಪಯೋಗಿ, ಹೆದ್ದಾರಿಯವರು ಎಲ್ಲ ಒಂದೇ ಮೇಜಿಗೆ ಬರುವ ಜಾಗ ಅದು. ಬ್ಲ್ಯಾಕ್ ಸ್ಪಾಟ್ ಚರ್ಚೆ ಆಗೋದೂ ಅಲ್ಲೇ. ಮೂರು ವರ್ಷದಲ್ಲಿ 500 ಮೀಟರ್ ಒಳಗೆ ಸಾವು ಅಥವಾ ಭಾರೀ ಗಾಯದ 5 ಅಪಘಾತ ಆದರೆ, ಇಲ್ಲವೇ 10 ಸಾವು ಆದರೆ ಹೆದ್ದಾರಿಯಲ್ಲಿ ಅದು ಬ್ಲ್ಯಾಕ್ ಸ್ಪಾಟ್.

ಚಿಗರಿ ಪ್ರಯಾಣಿಕಳು
ಅಂದರೆ ಆ ಅಜ್ಜಿ ಬಿದ್ದರೆ ಲೆಕ್ಕಕ್ಕೆ ಬರಲ್ಲ. ಇನ್ನೂ ನಾಲ್ಕು ಮಂದಿ ಬೀಳಬೇಕು.

ಕೋರ್ಟ್ ಸರ್ಕಲ್
ಕಹಿ ಮಾತು. ಆದರೆ ಲೆಕ್ಕ ಹಾಗೇ ಇದೆ. ಅದಕ್ಕೇ ಲೆಕ್ಕಕ್ಕೆ ಬರುವ ಮೊದಲೇ ಹೇಳೋರು ಬೇಕು. ಓಣಿಯಲ್ಲಿ ಯಾರು ಎಲ್ಲಿ ಬಿದ್ದರು ಅಂತ ಪೊಲೀಸರಿಗಿಂತ ಮೊದಲು ಗೊತ್ತಾಗೋದು ಕಾರ್ಪೊರೇಟರ್‌ಗೆ. ಅವರಿಂದ ಬರವಣಿಗೆಯಲ್ಲಿ ಹೋದ ಪತ್ರಕ್ಕೆ ನಮ್ಮ ಪತ್ರಕ್ಕಿಂತ ತೂಕ ಜಾಸ್ತಿ.

ಗಬ್ಬೂರ ಕ್ರಾಸ್
ಬಿದ್ದವರನ್ನ ಎತ್ತೋದರ ಬಗ್ಗೆಯೂ ಹೇಳಿ. ಕಳೆದ ವರ್ಷ ಒಬ್ಬ ಹುಡುಗನನ್ನ ಕಿಮ್ಸ್‌ಗೆ ಕರಕೊಂಡು ಹೋದೆ. ಹೆಂಡತಿ ಹೆದರಿದ್ದಳು, ಕೋರ್ಟು ಕಚೇರಿ ಅಂತ ಅಲೆಸ್ತಾರೆ ಅಂತ. ಏನೂ ಆಗಲಿಲ್ಲ. ಹೆಸರು ಹೇಳಲೇಬೇಕು ಅಂತಲೂ ಇಲ್ಲ. ಸಹಾಯ ಮಾಡಿದವರನ್ನ ಕಾಪಾಡೋಕೆ ಕಾನೂನು ಇದೆ, ಮೋಟಾರು ವಾಹನ ಕಾಯ್ದೆಯಲ್ಲೂ ಇದೆ, ಕರ್ನಾಟಕದ್ದೇ ಬೇರೆಯೂ ಇದೆ.

ಕೇಶ್ವಾಪುರ ಕೇಶವ
ಒಂದು ತರಲೆ ಪ್ರಶ್ನೆ. 2019ರಲ್ಲಿ ಪಾಲಿಕೆಯ ಅವಧಿ ಮುಗೀತು. ಚುನಾವಣೆ ಆದದ್ದು 2021 ಸೆಪ್ಟೆಂಬರ್. ಮೇಯರ್ ಬಂದದ್ದು 2022 ಮೇ. ಮೂರು ವರ್ಷ ಕಾರ್ಪೊರೇಟರ್ ಇಲ್ಲದೆ ಊರು ನಡೀತು. ಆಗ ರಸ್ತೆ ಇದಕ್ಕಿಂತ ಕೆಟ್ಟದಿತ್ತಾ?

ಮಾಜಿ ಸದಸ್ಯರ ಜೊತೆಗಾರ
ಕೆಟ್ಟದಿತ್ತು.

ದುರ್ಗದ ಬೈಲ್ ದೋಸೆ
ಇಷ್ಟೇ ಇತ್ತು.

ಹಳೇ ಹುಬ್ಬಳ್ಳಿ ಹಮೀದ್
ಆಗ ಬೈಯೋದಕ್ಕೆ ಯಾರೂ ಇರಲಿಲ್ಲ, ಅದೇ ದೊಡ್ಡ ತೊಂದರೆ. ಕಮಿಷನರ್ ಫೋನ್ ನಂಬರ್ ನಮಗೆಲ್ಲಿ ಸಿಗಬೇಕು?

ಸಪ್ತಾಪುರ ಸಂಗೀತ
ಧಾರವಾಡಕ್ಕೆ ಬೇರೆ ಪಾಲಿಕೆ ಆದರೆ ಎಲ್ಲ ಸರಿ ಹೋಗುತ್ತೆ. 82 ವಾರ್ಡಲ್ಲಿ 26 ನಮಗೆ ಅಂತ ಸಂಪುಟ ಒಪ್ಪಿ ಆಯ್ತು. ಇಷ್ಟು ದಿನ ದುಡ್ಡೆಲ್ಲ ಹುಬ್ಬಳ್ಳಿಗೇ ಹೋಯ್ತು.

ಉಣಕಲ್ ಮಂದಿ
ಶುರು ಆಯ್ತು ನೋಡಿ. ಹಂಪ್ ಬಗ್ಗೆ ಮಾತಾಡೋಣ ಅಂದರೆ ಪೇಢೆ ಯಾರದು ಅನ್ನೋ ಜಗಳಕ್ಕೆ ಬಂತು.

ಸಪ್ತಾಪುರ ಸಂಗೀತ
ಪೇಢೆ ನಮ್ಮದೇ. ಅದರಲ್ಲಿ ಚರ್ಚೆ ಏನಿದೆ?

ಟೋಲ್ ನಾಕಾ
ಎರಡು ಪಾಲಿಕೆ ಆದರೆ ಯಜಮಾನರು ಐದರಿಂದ ಆರು ಆಗ್ತಾರೆ. ಲೆಕ್ಕ ಹಾಕಿ.

ಓಣಿ ಕೊನೆ ಮನೆ
ನಾನು ಇದೇ ಓಣಿಯವಳು. ಅಕ್ಷಯ್ ಪಾರ್ಕಿನವರಿಗೆ ಗೊತ್ತಾಗುತ್ತೆ ಯಾರು ಅಂತ. ಕಾಕಾ ಬಿದ್ದದ್ದಕ್ಕೆ ಬೇಜಾರಿದೆ, ನಾನೇ ಅರಿಶಿನ ಹಾಲು ಕಾಯಿಸಿ ತಂದುಕೊಟ್ಟೆ. ಆದರೆ ಹಂಪ್ ತೆಗೆಸ್ತೀನಿ ಅಂದರೆ ನಾನು ಅಡ್ಡ ನಿಲ್ಲೋಳೇ. ನನ್ನ ಮಗಳು ಮೂರನೇ ಕ್ಲಾಸು. ಹಂಪ್ ಬರೋ ಮೊದಲು ದಿನಾ ಬೆಳಗ್ಗೆ ಅವಳ ಕೈ ಹಿಡಿದು ದಾಟಿಸುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಅವಳೊಬ್ಬಳೇ ದಾಟ್ತಾಳೆ. ಅಳತೆ ತಪ್ಪಿದ್ದರೆ ತಪ್ಪಿರಲಿ. ಗಾಡಿ ನಿಧಾನ ಆಗಿವೆ, ಇಲ್ಲವಾ?

ಅಕ್ಷಯ್ ಪಾರ್ಕಿನವ
ವೈನೀ, ಯಾರು ಅಂತ ಗೊತ್ತಾಯ್ತು. ತೆಗೆಸಿ ಅಂತ ನಾನು ಹೇಳಿಲ್ಲ. ಸರಿಯಾಗಿ ಹಾಕಿಸೋಣ ಅಂತ.

ಓಣಿ ಕೊನೆ ಮನೆ
ಇವತ್ತು ಒಡೆದು ಹೋಗ್ತಾರೆ, ಸರಿಯಾದದ್ದು ಹಾಕೋಕೆ ಎರಡು ವರ್ಷ ಮಾಡ್ತಾರೆ. ಆ ಎರಡು ವರ್ಷ ನನ್ನ ಮಗಳನ್ನ ಯಾರು ದಾಟಿಸ್ತಾರೆ?

ನಿವೃತ್ತ ಜೆಇ
ತಂಗೀ, ನಿಮ್ಮ ಹೆದರಿಕೆ ಸರಿ. ಒಡೆಯೋದೇ ಬೇಡ. ಎರಡೂ ಬದಿಗೆ ಮಾಲು ಹಾಕಿ ಇಳಿಜಾರು ಉದ್ದ ಮಾಡಬಹುದು, ಮೇಲಿನಿಂದ ಸ್ವಲ್ಪ ಕೆರೆಯಬಹುದು. ಅರ್ಧ ದಿನದ ಕೆಲಸ. ಅವತ್ತೇ ಪಟ್ಟೆ, ಬೋರ್ಡ್, ಆ ಕಂಬದ ದೀಪ. ಮೂರೂ ಒಂದೇ ಅರ್ಜಿಯಲ್ಲಿ ಬರೆಯಿರಿ. ಬೇರೆ ಬೇರೆ ಬರೆದರೆ ದೀಪದ ಅರ್ಜಿ ವಿದ್ಯುತ್ ವಿಭಾಗಕ್ಕೆ ಹೋಗಿ ಅಲ್ಲೇ ಮಲಗುತ್ತೆ.

ಕೆಲಗೇರಿ ದಂಡೆ
ಅರ್ಜಿ ಕಾರ್ಪೊರೇಟರ್ ಕೈಗೆ ಕೊಟ್ಟು ಬರಬೇಡಿ. ವಲಯ ಕಚೇರಿ ಆವಕದಲ್ಲಿ (ಅರ್ಜಿ ತಗೊಳ್ಳೋ ವಿಭಾಗ) ಕೊಟ್ಟು ಸೀಲು ಹಾಕಿಸಿ, ಪ್ರತಿ ಕಾರ್ಪೊರೇಟರ್‌ಗೆ, ಇನ್ನೊಂದು ಸಂಚಾರ ಪೊಲೀಸರಿಗೆ. ವಾರ್ಡ್ ಸಮಿತಿ ಬಗ್ಗೆಯೂ ಕೇಳಿ. ಕಾನೂನಿನಲ್ಲಿ ಕಾರ್ಪೊರೇಟರೇ ಅದರ ಅಧ್ಯಕ್ಷ, ವಾರ್ಡಿನ 10 ಮಂದಿ ಸದಸ್ಯರು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು. ಓಣಿ ಕೊನೆ ಮನೆಯವರಂಥವರು ಅಲ್ಲಿ ಕೂರಬೇಕು.

ಓಣಿ ಕೊನೆ ಮನೆ
ಸಭೆ ಎಷ್ಟು ಗಂಟೆಗೆ ಇಡ್ತಾರೆ? ಅಡುಗೆ ಹೊತ್ತಿಗೆ ಇಟ್ಟರೆ ಬರೋಕಾಗಲ್ಲ.

ಅಕ್ಷಯ್ ಪಾರ್ಕಿನವ
ಅಪ್‌ಡೇಟ್. ಇವತ್ತು ಬೆಳಗ್ಗೆ ಟೇಪ್ ಹಿಡಿದು ಅಳೆದೆವು. ನಾನು, ಪಕ್ಕದ ಮನೆ ಹುಡುಗ, ಮತ್ತೆ ಬೇಡ ಬೇಡ ಅಂದರೂ ಕುರ್ಚಿ ಹಾಕಿಸಿಕೊಂಡು ಕೂತ ಕಾಕಾ. ಎತ್ತರ 19 ಸೆಂಟಿಮೀಟರ್. ಅಗಲ 70 ಸೆಂಟಿಮೀಟರ್. ಜೆಇ ಸಾಹೇಬರು ಹೇಳಿದ ಎತ್ತರಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು, ಅಗಲ ಐದರಲ್ಲಿ ಒಂದು ಪಾಲೂ ಇಲ್ಲ. ನಾವು ಅಳೆಯುತ್ತಿದ್ದಾಗಲೇ ಒಂದು ಕಾರು ಬಂತು, ಕೆಳಗೆ ಕರ್ರ್ ಅಂತ ಉಜ್ಜಿಕೊಂಡು ಹೋಯ್ತು. ಡ್ರೈವರ್ ಕಿಟಕಿ ಇಳಿಸಿ, "ಯಾರ್ ಹಾಕ್ಸ್ಯಾರೋ ಇದನ್ನ!" ಅಂದ. ಕಾಕಾ ನೆಲ ನೋಡುತ್ತಾ ಕೂತರು.

ಹೊಸ ಅರ್ಜಿ ಬರೆದೆವು. ಅಳತೆ, ಫೋಟೋ, ದೀಪದ ಕಂಬದ ನಂಬರ್ ಎಲ್ಲ ಇದೆ. ಮೊದಲ ಸಹಿ ಮತ್ತೆ ಕಾಕಾದೇ. ಬಲಗೈ ಜೋಲಿಯಲ್ಲಿ, ಎಡಗೈಯಲ್ಲಿ ಹಾಕಿದರು. ಬ್ಯಾಂಕಿನವರು ನೋಡಿದರೆ ಚೆಕ್ ವಾಪಸ್ ಕಳಿಸ್ತಾರೆ, ಹಾಗಿದೆ. ಎರಡನೇ ಸಹಿ ವೈನಿಯದು.

ಸೋಮವಾರ ಹನ್ನೊಂದಕ್ಕೆ ವಲಯ ಕಚೇರಿ. ಯಾರು ಬರ್ತೀರಿ?

ನಿವೃತ್ತ ಜೆಇ
ಬರುತ್ತೇನೆ. ನನ್ನನ್ನ ನೋಡಿದರೆ ಅಲ್ಲಿ ಎರಡು ಮಂದಿ ಎದ್ದು ನಿಲ್ಲುತ್ತಾರೆ, ಒಬ್ಬರು ಹಿಂದಿನ ಬಾಗಿಲಿಂದ ಹೋಗುತ್ತಾರೆ.

ಮಾಜಿ ಸದಸ್ಯರ ಜೊತೆಗಾರ
ಹನ್ನೊಂದಕ್ಕೆ ಹೋಗಬೇಡಿ, ಹನ್ನೊಂದೂವರೆಗೆ ಹೋಗಿ. ಅಲ್ಲಿವರೆಗೆ ಯಾರೂ ಬಂದಿರಲ್ಲ.

ದುರ್ಗದ ಬೈಲ್ ದೋಸೆ
ನಾನೂ ಬರ್ತೀನಿ. ಆದರೆ ಈ ಸಲ ಪೇಢೆ ಹಂಪ್ ಅಳೆದ ಮೇಲೆ ಹಂಚಿ.